ಆಟಕ್ಕೆ ಅಂಗಳವೆಲ್ಲಿ?

ಶಾಲೆಗಳಿಗೆ ಬೇಸಗೆಯ ರಜೆ ಬಂದೊಡನೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಒಂದು ದೂರು ಕೇಳಿಬರತೊಡಗುತ್ತದೆ. ಮಗ ಬೆಳಗಿನಿಂದ ರಾತ್ರಿಯ ತನಕ ಮೊಬೈಲಿನಿಂದ ತಲೆಯೆತ್ತುವುದಿಲ್ಲ; ಮಗಳು ಟಿ.ವಿ.ಯ ಮುಂದಿನಿಂದ ಏಳುವುದಿಲ್ಲ. ಊಟಕ್ಕೆ ಕುಳಿತರೂ ಕಣ್ಣು ಪರದೆಯ ಮೇಲೆ, ಕೈ ಮಾತ್ರ ತಟ್ಟೆಯಲ್ಲಿ. ಡೊಂಬಿವಲಿಯಿಂದ ಫೋರ್ಟಿನ ಕಚೇರಿಗಳಿಗೆ ಬರುವ ಗುಮಾಸ್ತರು ರೈಲಿನಲ್ಲಿ ಇದನ್ನೇ ಆಡಿಕೊಳ್ಳುತ್ತಾರೆ. ಮಾತು ಮುಗಿದೊಡನೆ ತಮ್ಮ ತಮ್ಮ ಮೊಬೈಲುಗಳನ್ನು ತೆರೆಯುತ್ತಾರೆ. ಹೋಟೆಲಿನ ಕೆಲಸಗಾರರು ಮಧ್ಯಾಹ್ನದ ಬಿಡುವಿನಲ್ಲಿ ಊರಿಗೆ ಫೋನು ಮಾಡಿ, ಹೆಂಡತಿಯಿಂದ ಇದೇ ದೂರನ್ನು ಕೇಳಿ, ಮಗನನ್ನು ನಾಲ್ಕು ಮಾತು ಗದರಿಸಿ ಸಂಜೆಯ ಪಾಳಿಗೆ ಏಳುತ್ತಾರೆ. ಕಾಲ ಕೆಟ್ಟಿತು, ಮಕ್ಕಳು ಸೋಮಾರಿಗಳಾದರು ಎಂಬಲ್ಲಿಗೆ ವಿಚಾರ ಮುಗಿಯುತ್ತದೆ.

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಕುಣಿಯಬಲ್ಲ, ಕುಣಿಯಲು ಕಾಲು ತುಡಿಯುತ್ತಿರುವ ಮಗುವಿಗೆ ನೆಲವೇ ಇಲ್ಲದಿದ್ದರೆ ಏನೆನ್ನಬೇಕು? ಮಗುವನ್ನು ಗದರಿಸುವ ಮುನ್ನ ಅದು ಬೆಳೆಯುತ್ತಿರುವ ಖೋಲಿಯನ್ನೂ ಓಣಿಯನ್ನೂ ಹಿರಿಯರು ಒಮ್ಮೆ ಕಣ್ದೆರೆದು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ವೈದ್ಯರ ಎಚ್ಚರಿಕೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು 2021ರಲ್ಲಿ ರೂಪಿಸಿದ ಸೂಚನೆಗಳ ಪ್ರಕಾರ ಎರಡು ವರ್ಷ ತುಂಬದ ಕೂಸಿಗೆ ಪರದೆಯನ್ನು ತೋರಿಸಲೇಬಾರದು. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. ಐದರಿಂದ ಹತ್ತರವರೆಗೆ 2 ಗಂಟೆಗಿಂತ ಕಡಮೆ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಓಡಿಯಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಇದೇ ಸಂಸ್ಥೆಯ ತಜ್ಞರು 146 ದೇಶಪ್ರದೇಶಗಳ ಶಾಲಾಮಕ್ಕಳ ಲೆಕ್ಕವನ್ನು 2019ರಲ್ಲಿ ಪ್ರಕಟಿಸಿದರು. ಹನ್ನೊಂದರಿಂದ ಹದಿನೇಳು ವರ್ಷದವರಲ್ಲಿ 2016ರಲ್ಲಿ ನೂರಕ್ಕೆ 81 ಮಂದಿಗೆ ಈ ಒಂದು ಗಂಟೆಯ ಚಟುವಟಿಕೆ ಇರಲಿಲ್ಲವೆಂದು ಅದರಿಂದ ತಿಳಿದುಬಂತು. ಲೋಕದ ಐವರಲ್ಲಿ ನಾಲ್ವರು ಮಕ್ಕಳು ಮಾತಾಡಿಕೊಂಡವರಂತೆ ಏಕಕಾಲಕ್ಕೆ ಸೋಮಾರಿಗಳಾದರೆಂದು ನಂಬಲು ನಮ್ಮಿಂದಾಗದು. ಮಕ್ಕಳು ಇರುವ ಜಾಗದಲ್ಲಿ ಏನೋ ಬದಲಾಗಿದೆ.

ಏನು ಬದಲಾಗಿದೆ ಎಂಬುದನ್ನು ತಿಳಿಯಲು ನಮ್ಮ ಓದುಗರು ಬಹು ದೂರ ಹೋಗಬೇಕಾಗಿಲ್ಲ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಖೋಲಿ. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅದರಲ್ಲೇ ದೇವರ ಪಟ, ಅದರಲ್ಲೇ ಟಿ.ವಿ. ಮಲಗುವ ಕೋಣೆಯಲ್ಲಿ ಟಿ.ವಿ. ಇರಕೂಡದೆಂದು ತಜ್ಞರು ಬುದ್ಧಿ ಹೇಳುತ್ತಾರೆ. ಇರುವುದೇ ಒಂದು ಕೋಣೆಯಾದಾಗ ಆ ಬುದ್ಧಿಯನ್ನು ಇಡುವುದೆಲ್ಲಿ? ಬಾಗಿಲ ಹೊರಗೆ ಕಾಲಿಟ್ಟರೆ ಓಣಿಯ ಉದ್ದಕ್ಕೂ ನಿಂತ ಮೋಟಾರು ಸೈಕಲುಗಳು, ಅವುಗಳ ನಡುವೆ ನುಗ್ಗಿ ಬರುವ ರಿಕ್ಷಾಗಳು. ಹೊಸ ಕಟ್ಟಡಕ್ಕೆ ಹೋದವರ ಸ್ಥಿತಿಯೇನೂ ಮೇಲಲ್ಲ. ಕೆಳಗಿನ ಅಂಗಳವನ್ನು ಕಾರುಗಳು ಹಿಡಿದಿವೆ. ಉಳಿದ ಮೂಲೆಯಲ್ಲಿ ಚೆಂಡಾಟ ನಿಷಿದ್ಧವೆಂಬ ಫಲಕ ತೂಗುತ್ತದೆ. ತಂದೆ ಮುಂಜಾನೆಯ ಲೋಕಲು ಹಿಡಿದು ಹೋದವರು ರಾತ್ರಿ ಬರುತ್ತಾರೆ. ತಾಯಿಗೆ ಹೊರಗಿನ ದುಡಿಮೆಯೋ ಮನೆಯಲ್ಲೇ ಕುಳಿತು ಮಾಡುವ ಕೆಲಸವೋ ಇದ್ದೇ ಇದೆ. ಹೊರಗೆ ಬಿಟ್ಟರೆ ವಾಹನದ ಭಯ, ಒಳಗಿಟ್ಟುಕೊಂಡರೆ ಗದ್ದಲ. ಆಕೆ ಮಗುವಿನ ಕೈಗೆ ಮೊಬೈಲು ಕೊಟ್ಟು ಒಲೆಯ ಕಡೆ ತಿರುಗಿದರೆ ತಪ್ಪು ಆಕೆಯದೆಂದು ಹೇಳಲು ನಮಗೆ ನಾಲಗೆ ಏಳುವುದಿಲ್ಲ.

ಪರದೆ ನಮ್ಮ ಮನೆಗೆ ಬಂದುದು ಇಂದು ನಿನ್ನೆಯಲ್ಲ. ಮುಂಬಯಿಯಲ್ಲಿ ದೂರದರ್ಶನ ಆರಂಭವಾದುದು 1972ರ ಅಕ್ಟೋಬರ್ 2ರಂದು. ಆಗ ಇಡೀ ಚಾಳಿಗೆ ಒಂದೋ ಎರಡೋ ಪೆಟ್ಟಿಗೆ. ಮಕ್ಕಳೆಲ್ಲ ಆ ಒಂದು ಮನೆಯ ಬಾಗಿಲಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ಕಾರ್ಯಕ್ರಮ ನಡೆಯುತ್ತಿದ್ದುದು ಸಂಜೆಯ ಕೆಲವು ಗಂಟೆ ಮಾತ್ರ. ಅದು ಮುಗಿಯುತ್ತಿತ್ತು ಎಂಬುದೇ ಅದರ ದೊಡ್ಡ ಗುಣವೆಂದು ಈಗ ತೋರುತ್ತದೆ. ಇಂದಿನ ಪರದೆಗೆ ಮುಗಿತಾಯವೆಂಬುದಿಲ್ಲ. ಒಂದು ಚಿತ್ರ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿಯೇ ಹೊರಡುತ್ತದೆ. ಅದರ ಮೇಲೆ 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಶಾಲೆಯೇ ಮೊಬೈಲಿನೊಳಗೆ ಬಂತು. ಅದುವರೆಗೆ ಮಕ್ಕಳ ಕೈಗೆ ಮೊಬೈಲು ಕೊಡದಿದ್ದ ಮನೆಗಳವರೂ ಪಗಾರದ ಮುಂಗಡ ತೆಗೆದು ಅದನ್ನು ಕೊಂಡು ತಂದರು. ಪಾಟಿಯಾಗಿ ಬಂದ ವಸ್ತುವನ್ನು, ಶಾಲೆ ತೆರೆದ ಮಾತ್ರಕ್ಕೆ ಮಗು ಹಿಂದಿರುಗಿಸಿಬಿಡಬೇಕೆಂದರೆ ಅದು ಆಗುವ ಮಾತೆ?

ಇನ್ನು ಬಯಲಿನ ವಿಚಾರ. ಮಾಟುಂಗಾದ ಹೋಟೆಲುಗಳಲ್ಲಿ ದುಡಿಯುವ ನಮ್ಮವರು ಫೈವ್ ಗಾರ್ಡನ್ಸಿನ ಮರಗಳ ನೆರಳನ್ನು ಬಲ್ಲರು. ಆ ತೋಟಗಳು ತಾವಾಗಿ ಹುಟ್ಟಿದವಲ್ಲ. 1896ರಲ್ಲಿ ಪ್ಲೇಗು ಬಂದು ಇಕ್ಕಟ್ಟಾದ ಓಣಿಗಳಲ್ಲಿ ಜನ ಸತ್ತ ಮೇಲೆ, 1898ರಲ್ಲಿ ಸರಕಾರ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಗಾಳಿ ಬೆಳಕಿಗೆ ಜಾಗ ಬಿಡಬೇಕೆಂಬ ಬುದ್ಧಿ ಬಂದು ದಾದರ್-ಮಾಟುಂಗಾದ ಬಡಾವಣೆ ಎದ್ದಿತು. ಶಿವಾಜಿ ಪಾರ್ಕಿನ ಬಯಲು ಜನರಿಗೆ ತೆರೆದುದು 1925ರಲ್ಲಿ. ಆಮೇಲೆ ನಗರ ಬೆಳೆಯಿತು, ಬಯಲು ಬೆಳೆಯಲಿಲ್ಲ. 2034ರ ತನಕದ ಅಭಿವೃದ್ಧಿ ಯೋಜನೆ ಸಿದ್ಧವಾಗುತ್ತಿದ್ದಾಗ ಎಣಿಸಿ ನೋಡಿದರೆ ಮುಂಬಯಿಯಲ್ಲಿ ತಲೆಗೆ ಸುಮಾರು ಒಂದೂಕಾಲು ಚದರ ಮೀಟರಿನಷ್ಟು ಬಯಲು ಇತ್ತು. ಒಬ್ಬರು ಮಲಗುವ ಚಾಪೆಗಿಂತಲೂ ಇದು ಚಿಕ್ಕದು. ಕೇಂದ್ರ ಸರಕಾರ 2014ರಲ್ಲಿ ಹೊರಡಿಸಿದ ನಗರ ಯೋಜನೆಯ ಸೂಚನೆಗಳಲ್ಲಿ 10ರಿಂದ 12 ಚದರ ಮೀಟರು ಇರಬೇಕೆಂದಿದೆ. ಬಾಡಿಗೆಯ ಭಾರ ತಾಳದೆ ನಾಲಾಸೋಪಾರ, ವಿರಾರ್, ಭಾಯಂದರ್ ಕಡೆಗೆ ಸರಿದ ನಮ್ಮ ಕುಟುಂಬಗಳ ಮಕ್ಕಳಿಗೆ ಶಿವಾಜಿ ಪಾರ್ಕು ವರ್ಷಕ್ಕೊಮ್ಮೆ ನೋಡುವ ಯಾತ್ರಾಸ್ಥಳವಾಗಿದೆ. ಇದ್ದ ಮೈದಾನಗಳನ್ನಾದರೂ ಮದುವೆಯ ಮಂಟಪ, ಮಾರಾಟದ ಮೇಳ, ರಾಜಕೀಯ ಸಭೆಗಳು ರಜೆಯ ದಿನಗಳಲ್ಲೇ ಹಿಡಿದುಕೊಳ್ಳುತ್ತವೆ. ನಮ್ಮ ಸಂಘಗಳ ವಾರ್ಷಿಕೋತ್ಸವಗಳೂ ಯಕ್ಷಗಾನದ ಚಪ್ಪರಗಳೂ ಈ ಪಾಪದಲ್ಲಿ ಪಾಲುದಾರರೆಂಬುದನ್ನು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ಮೇಲೆ ಹೇಳಿದ ಲೆಕ್ಕದಲ್ಲೇ ಹುಡುಗರಲ್ಲಿ ನೂರಕ್ಕೆ 78 ಮಂದಿಗೆ ಸಾಕಷ್ಟು ಆಟವಿಲ್ಲವಾದರೆ ಹುಡುಗಿಯರಲ್ಲಿ 85 ಮಂದಿಗೆ ಇಲ್ಲ. ಕಾರಣ ನಮ್ಮ ಮನೆಯೊಳಗೇ ಇದೆ. ಸಂಜೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಕೊಡ ಹಿಡಿಯುವವಳು ಅವಳು, ತಮ್ಮನನ್ನು ಎತ್ತಿಕೊಳ್ಳುವವಳು ಅವಳು. ಇರುವ ಒಂದು ಬಯಲನ್ನು ದೊಡ್ಡ ಹುಡುಗರ ಕ್ರಿಕೆಟ್ಟು ಹಿಡಿದಿರುತ್ತದೆ. ಅಲ್ಲಿ ಆಕೆಗೆ ಒಂದು ಶೌಚಾಲಯವೂ ಇರುವುದಿಲ್ಲ. ಹತ್ತು ವರ್ಷ ದಾಟಿದ ಹುಡುಗಿ ಕುಂಟಾಬಿಲ್ಲೆ ಆಡಿದರೆ ನೆರೆಯವರು ಏನೆಂದುಕೊಂಡಾರು ಎಂಬ ಅಂಜಿಕೆ ಬೇರೆ. ಅಂಥವಳು ಪರದೆಯ ಮುಂದೆ ಕುಳಿತರೆ ಬೈಯುವುದು ಯಾವ ನ್ಯಾಯ?

ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಹೋಟೆಲಿನ ಅಟ್ಟದ ಮೇಲೆ ಮಲಗುವ ನಮ್ಮ ಸಾವಿರಾರು ಮಂದಿಗೆ, ಊರಿನಲ್ಲಿ ಅಂಗಳವಿದೆಯಲ್ಲ ಎಂಬ ಸಮಾಧಾನವಿದೆ. ಅಂಗಳವಿದೆ, ನಿಜ. ಲಗೋರಿಗೂ ಮರಕೋತಿಗೂ ಜತೆಯ ಮಕ್ಕಳು ಬೇಕಲ್ಲವೆ? ಅಕ್ಕಪಕ್ಕದ ಮನೆಗಳವರು ಪಟ್ಟಣ ಸೇರಿದ್ದಾರೆ. ದೂರದ ಶಾಲೆಯ ಬಸ್ಸು ಇಳಿದು ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತದೆ. ಒಬ್ಬನೇ ಹುಡುಗ ಎಷ್ಟು ಹೊತ್ತು ಚೆಂಡನ್ನು ಗೋಡೆಗೆ ಎಸೆದಾನು? ಮೇಲೆ ಹೇಳಿದ ವೈದ್ಯರ ಸೂಚನೆಯಲ್ಲಿ ಎಳೆಯ ಕೂಸಿಗೂ ಒಂದು ವಿನಾಯಿತಿ ಇದೆ: ಬಂಧುಗಳೊಡನೆ ಅಪರೂಪಕ್ಕೆ ವೀಡಿಯೋ ಕರೆಯಲ್ಲಿ ಮಾತಾಡಬಹುದು. ಆ ವಾಕ್ಯವನ್ನು ಓದಿದಾಗ ನಮಗೆ ನಮ್ಮ ಹೋಟೆಲುಗಳ ಸಪ್ಲಾಯರರ ನೆನಪಾಯಿತು. ಅವರ ಮಕ್ಕಳಿಗೆ ತಂದೆಯೆಂದರೆ ವರ್ಷದ ಹನ್ನೊಂದು ತಿಂಗಳೂ ಅಂಗೈಯಗಲದ ಪರದೆಯ ಮೇಲಿನ ಒಂದು ಮುಖ. ಮೊಬೈಲನ್ನು ಬಿಡು ಎಂದು ಆ ಮುಖವೇ ಗದರಿಸಿದರೆ ಮಗು ಏನೆಂದು ತಿಳಿಯಬೇಕು!

ಪರಿಸ್ಥಿತಿಯನ್ನು ತಿದ್ದಿದರೆ ಮಕ್ಕಳೂ ತಿದ್ದುತ್ತಾರೆಂಬುದಕ್ಕೆ ದೃಷ್ಟಾಂತಗಳಿವೆ. ಚೀನದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳ ಮೇಲೆ ನಡೆದ ಪ್ರಯೋಗದ ಫಲ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಮಕ್ಕಳನ್ನು ಬಯಲಿಗೆ ಬಿಟ್ಟರು, ಅಷ್ಟೆ. ಮೂರು ವರ್ಷಗಳಲ್ಲಿ ಇತರ ಶಾಲೆಗಳಲ್ಲಿ ನೂರಕ್ಕೆ 39ಕ್ಕೂ ಹೆಚ್ಚು ಮಕ್ಕಳಿಗೆ ಸಮೀಪದೃಷ್ಟಿಯ ದೋಷ ತಗಲಿದರೆ, ಬಯಲಿಗೆ ಬಿಟ್ಟವರಲ್ಲಿ ಸುಮಾರು 30 ಮಂದಿಗೆ ಮಾತ್ರ ತಗಲಿತು. ಉಪದೇಶದಿಂದಲ್ಲ, ವೇಳಾಪಟ್ಟಿಯಿಂದ ಆದ ಕೆಲಸವಿದು. ನಮ್ಮ ದೇಶದಲ್ಲೂ ಗುರುಗ್ರಾಮದಲ್ಲಿ 2013ರಲ್ಲಿ, ಮುಂಬಯಿಯಲ್ಲಿ 2022ರ ಮಾರ್ಚಿನಲ್ಲಿ, ಭಾನುವಾರದ ಬೆಳಗ್ಗೆ ಕೆಲವು ರಸ್ತೆಗಳನ್ನು ವಾಹನಗಳಿಗೆ ಮುಚ್ಚಿ ಜನರಿಗೆ ಬಿಟ್ಟುಕೊಟ್ಟರು. ಡಾಂಬರು ಕಂಡೊಡನೆ ಮಕ್ಕಳು ಸೈಕಲು ತಂದರು, ಹಗ್ಗ ತಂದರು. ಆಡಿರೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಸರಕಾರವು ಮಾಡಬೇಕಾದುದು ಸರಕಾರದ ಕಾನೂನಿನಲ್ಲೇ ಇದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಶಾಲೆಗೊಂದು ಆಟದ ಬಯಲು ಬೇಕೆನ್ನುತ್ತದೆ. ಇರುವ ಬಯಲುಗಳಿಗಾದರೂ ಶಾಲೆ ಬಿಟ್ಟೊಡನೆ ಬೀಗ ಬೀಳುತ್ತದೆ. ರಜೆಯ ತಿಂಗಳುಗಳಲ್ಲಿ ಹುಲ್ಲೂ ನಾಯಿಗಳೂ ಅದರ ಒಡೆಯರು. ಸಂಜೆ ಎರಡು ಗಂಟೆ ಆ ಬೀಗ ತೆಗೆಯಲು ಮಹಾನಗರಪಾಲಿಕೆಗೆ ಹೊಸ ಭೂಮಿಯೂ ಬೇಡ, ದೊಡ್ಡ ಹಣವೂ ಬೇಡ. ಒಬ್ಬ ಕಾವಲುಗಾರ ಸಾಕು.

ಆದರೆ ಪಾಲಿಕೆಯ ಬೀಗವನ್ನು ದೂರುವ ಮುನ್ನ ನಮ್ಮ ಬೀಗಗಳನ್ನು ಎಣಿಸಿಕೊಳ್ಳುವುದು ಲೇಸು. ನಮ್ಮ ಜಾತೀಯ ಸಂಘಗಳಿಗೂ ಕನ್ನಡ ಸಂಘಗಳಿಗೂ ಈ ಮಹಾನಗರದಲ್ಲಿ ಎಷ್ಟು ಸಭಾಭವನಗಳಿವೆ! ಮದುವೆ, ಸನ್ಮಾನಗಳಿಲ್ಲದ ದಿನಗಳಲ್ಲಿ ಅವು ಖಾಲಿ ಬಿದ್ದಿರುತ್ತವೆ. ವಾರಕ್ಕೆ ಮೂರು ಸಂಜೆ, ಅದರಲ್ಲಿ ಒಂದು ಹುಡುಗಿಯರಿಗೇ ಮೀಸಲಾಗಿ, ಕುರ್ಚಿಗಳನ್ನು ಬದಿಗೆ ಸರಿಸಿ ಮಕ್ಕಳನ್ನು ಒಳಗೆ ಬಿಟ್ಟರೆ ನೆಲ ಸವೆಯುವುದಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ಇದೇ ಮುಂಬಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳನ್ನು ಕಟ್ಟಿದವರು ನಮ್ಮ ಹಿರಿಯರು. ಅವರು ಯಾರ ಅನುದಾನಕ್ಕೂ ಕಾಯದೆ ಎರವಲು ಕೋಣೆಗಳಲ್ಲಿ ದೀಪ ಹಚ್ಚಿದರು.

ಹೋಟೆಲಿನ ಧಣಿಗಳಿಗೂ ನಮ್ಮದೊಂದು ಅರಿಕೆ. ವಾರಕ್ಕೊಂದು ದಿನದ ರಜೆ ಕಾನೂನಿನ ಮಾತು. ಅದು ಕೆಲಸಗಾರನ ಕೈಗೆ ನಿಜವಾಗಿ ಸಿಗಬೇಕು. ಇಲ್ಲಿ ಸಂಸಾರ ಇರುವವರಿಗೆ ತಿಂಗಳಿಗೊಂದಾದರೂ ಭಾನುವಾರ ಸರದಿಯ ಮೇಲೆ ಬರಬೇಕು. ಭಾನುವಾರವೇ ವ್ಯಾಪಾರದ ದಿನವೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಮಂಗಳವಾರದ ರಜೆಯಲ್ಲಿ ತಂದೆ ಮನೆಯಲ್ಲಿರುತ್ತಾನೆ, ಮಗು ಶಾಲೆಯಲ್ಲಿರುತ್ತದೆ. ಊರಿನಲ್ಲಿ ಮಕ್ಕಳಿರುವವರಿಗೆ ವರ್ಷದ ರಜೆಯನ್ನು ಶಾಲೆಯ ರಜೆಯ ತಿಂಗಳಲ್ಲೇ ಕೊಡಲು ಮನಸ್ಸು ಮಾಡಬೇಕು. ಬೇಸಗೆಯಲ್ಲಿ ಎಲ್ಲರೂ ಒಮ್ಮೆಗೇ ಹೋಗಲಾಗದಾದರೆ ದಸರೆ, ದೀಪಾವಳಿಯಲ್ಲಿ ಹಂಚಿಕೊಳ್ಳಬಹುದು.

ಜೂನ್ ತಿಂಗಳ ನಡುವಿಗೆ ಇಲ್ಲಿಯ ಶಾಲೆಗಳು ಮತ್ತೆ ತೆರೆಯುತ್ತವೆ. ಅಷ್ಟರೊಳಗೆ ಪ್ರತಿಯೊಂದು ಬಡಾವಣೆಯ ಕನ್ನಡ ಸಂಘವೂ ತನ್ನ ಹತ್ತಿರದ ಶಾಲೆಯ ಬಯಲಿಗಾಗಿ ವಾರ್ಡು ಕಚೇರಿಗೆ ಒಂದು ಅರ್ಜಿ ಕೊಡಲಿ. ದಿನವಿಡೀ ಇತರರ ಅರ್ಜಿಗಳನ್ನು ಬರೆದು ಕಡತ ಕಟ್ಟುವ ಗುಮಾಸ್ತ ಬಂಧುಗಳಿಗೆ ಇದು ಅರ್ಧ ಗಂಟೆಯ ಕೆಲಸ. ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳ ಸಂಘಗಳೂ ತಮ್ಮ ತಮ್ಮ ಊರಿನಲ್ಲಿ ಇದನ್ನು ಮಾಡಬಹುದು. ಅರ್ಜಿಯ ನಕಲನ್ನೂ, ಕಚೇರಿಯಿಂದ ಬಂದ ಉತ್ತರವನ್ನೂ, ಉತ್ತರ ಬಾರದಿದ್ದರೆ ಆ ಸಂಗತಿಯನ್ನೂ ನಮಗೆ ಬರೆದು ಕಳುಹಿಸಿದಲ್ಲಿ ಈ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ. ತಮ್ಮ ಸಭಾಭವನದ ಬಾಗಿಲನ್ನು ಮಕ್ಕಳಿಗಾಗಿ ತೆರೆದ ಸಂಘಗಳ ಹೆಸರುಗಳನ್ನೂ ಅದೇ ಅಂಕಣದಲ್ಲಿ ಅಚ್ಚು ಹಾಕುತ್ತೇವೆ.