ಸರ್ವರ್‌ಗೆ ಆರಾಮಿಲ್ಲ

ಪಿಂಚಣಿ ಅರ್ಜಿಗಳ ವಿಷಯವನ್ನು ಈ ಸಂಚಿಕೆಯಲ್ಲಿ ಬರೆಯುವೆನೆಂದು ಹೋದ ಸಲ ವಾಚಕರಿಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ಮುರಿಯುತ್ತಿದ್ದೇನೆ, ಕ್ಷಮಿಸಬೇಕು. ಇದಕ್ಕೆ ಕಾರಣ ನಮ್ಮ ಕೆಳಮನೆಯ ಕಾಕು. ಮಗನನ್ನು ಬೆಂಗಳೂರಿಗೆ ನೌಕರಿಗೆ ಕಳಿಸಿ ತಾವು ಪುಣೆಯಲ್ಲಿಯೇ ಉಳಿದಿರುವ ಈ ಹಿರಿಯರು ಮೊನ್ನೆ ಸಂಜೆ ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದರು.

“ಏನಪಾ, ನಮ್ಮ ಹುಡುಗ ರಾತ್ರಿ ಎರಡಕ್ಕೆ ಎದ್ದು ಕೂಡತಾನಂತ. ಯಾಕಂತ ಕೇಳಿದರ ‘ಸರ್ವರ್‌ಗೆ ಆರಾಮಿಲ್ಲ’ ಅಂತಾನ. ಸರ್ವರ್ ಅಂದರ ಖಾನಾವಳಿಯೊಳಗ ಬಡಸಾಂವ ಅಲ್ಲೇನು? ಅಂವಗ ಆರಾಮಿಲ್ಲದಿದ್ದರ ಇಂವ ಯಾಕ ನಿದ್ದಿ ಕೆಡಿಸ್ಕೋಬೇಕು?”

ನಕ್ಕುಬಿಟ್ಟೆ. ಆದರೆ ಮನೆಗೆ ಬಂದು ಯೋಚಿಸಿದರೆ ಕಾಕು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸರ್ವರ್ ಬಡಿಸುವವನೇ ಸರಿ. ನಮ್ಮ ಮನೆಗಳ ಕಂಪ್ಯೂಟರಿನಂತಹದೇ ಯಂತ್ರ. ಆದರೆ ಒಬ್ಬರ ಮುಂದೆ ಕೂಡದೆ, ಕೇಳಿದವರಿಗೆಲ್ಲ ಕಡತ, ಚಿತ್ರ, ಲೆಕ್ಕಗಳನ್ನು ದೂರದಿಂದಲೇ ಬಡಿಸುತ್ತದೆ. ಎಷ್ಟೋ ಸಲ ಅದಕ್ಕೆ ಪರದೆಯಿಲ್ಲ, ಮೌಸಿಲ್ಲ. ಎಸ್‌ಎಸ್‌ಎಚ್ ಎಂಬ ಸಾಧನದ ಮೂಲಕ ಅದರ ಬಾಗಿಲು ತಟ್ಟಿ ಒಳಹೊಕ್ಕರೆ ಕಾಣುವುದು ಒಂದು ಕಪ್ಪು ಹಲಗೆ, ಅದರಲ್ಲಿ ಮಿನುಗುವ ಒಂದು ಗುರುತು. ಅಲ್ಲಿ ಆಜ್ಞೆಯನ್ನು ಟೈಪು ಮಾಡಬೇಕು. ಅದು ಉತ್ತರ ಕೊಡುತ್ತದೆ. ಕಾಕುವಿನ ಮಗ ರಾತ್ರಿ ಎರಡಕ್ಕೆ ನಡೆಸುವ ಸಂಭಾಷಣೆ ಇದೇ.

ಈ ವಿಷಯ ಬರೆಯಲು ನಿನಗೇನು ಅಧಿಕಾರವೆಂದು ಯಾರಾದರೂ ಕೇಳಬಹುದು. ನಾನು ಇತಿಹಾಸ ಓದಿ ಬಿ.ಎ. ಮಾಡಿಕೊಂಡ ಗುಮಾಸ್ತ. ಕಚೇರಿಯವರು ಒಮ್ಮೆ ಹದಿನೈದು ದಿನಗಳ ತರಬೇತಿಗೆ ಕಳಿಸಿದ್ದರೆಂಬ ಒಂದೇ ಅರ್ಹತೆಯ ಮೇಲೆ ನಮ್ಮ ಸಂಘದವರು ಪುಸ್ತಕಾಲಯದ ಮೂಲೆಯಲ್ಲಿರುವ ಸರ್ವರನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ಅದರಲ್ಲಿ ಸದಸ್ಯರ ಪಟ್ಟಿ ಇದೆ, ಈ ಪತ್ರಿಕೆಯ ಹಳೆಯ ಸಂಚಿಕೆಗಳಿವೆ. ಎಲ್ಲಕ್ಕೂ ಮಿಗಿಲಾಗಿ, ನಮ್ಮ ಹಿರಿಯ ಹೆಂಗಸರು ಹಾಡಿದ ಬೀಸುವ ಪದಗಳ, ಗೌರಿ ಹಾಡುಗಳ ಧ್ವನಿಮುದ್ರಣಗಳಿವೆ. ಹಾಡಿದವರಲ್ಲಿ ಕೆಲವರು ಈಗಿಲ್ಲ. ಕಾಕುವಿನ ಅತ್ತೆ ಅವರಲ್ಲೊಬ್ಬರು.

ಈ ಆಜ್ಞೆಗಳೇನೂ ನಿನ್ನೆ ಮೊನ್ನೆಯವಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1969ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅದರ ಮೊದಲ ಕೈಪಿಡಿಯ ಮೇಲಿರುವ ತಾರೀಖು 1971ರ ನವೆಂಬರ್ 3. ನಾನಿಂದು ಬಳಸುವ ಎಲ್‌ಎಸ್, ಡಿಎಫ್, ಡಿಯು, ಆರ್‌ಎಮ್ ನಾಲ್ಕೂ ಆ ಕೈಪಿಡಿಯಲ್ಲಿಯೇ ಉಂಟು. ಆಗಿನ ಟೆಲಿಟೈಪ್ ಯಂತ್ರ ಸೆಕೆಂಡಿಗೆ ಹತ್ತೇ ಅಕ್ಷರ ಒತ್ತುತ್ತಿತ್ತು. ಹೆಸರುಗಳಲ್ಲಿ ಇಷ್ಟು ಜಿಪುಣತನ ಬಂದುದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ಸಂಗತಿ ನನ್ನಂಥವನಿಗೆ ಬಲು ಪ್ರಿಯವಾದದ್ದು: ಆ ವರ್ಷವೇ ಯುನಿಕ್ಸಿನ ಮುಂದೆ ದಿನವಿಡೀ ಕುಳಿತು ನಿಜವಾದ ಕೆಲಸ ಮಾಡಿದವರಲ್ಲಿ ಮೊದಲಿಗರು ಅದೇ ಸಂಸ್ಥೆಯ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು, ಅಂದರೆ ನಮ್ಮ ವೃತ್ತಿಬಾಂಧವರು. ನಮ್ಮ ಸಂಘದ ಸರ್ವರಿನಲ್ಲಿರುವುದು ಲಿನಕ್ಸ್. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ್ದು. ಮನೆ ಹೊಸದಾದರೂ ಪಾತ್ರೆಗಳ ಹೆಸರು ಅಜ್ಜನ ಕಾಲದವೇ.

ಇನ್ನು ನನ್ನ ಫಜೀತಿಯ ಕಥೆ. ದಸರೆಗೆ ಎರಡು ದಿನವಿತ್ತು. ಸಂಘದ ಸಮಾರಂಭಕ್ಕೆ ಹೆಸರು ಕೊಡಲು ಬಂದವರ ಹೆಸರುಗಳು ದಾಖಲಾಗುತ್ತಿರಲಿಲ್ಲ. ಡಿಎಫ್ ಎಂದು ಟೈಪು ಮಾಡಿ ನೋಡಿದೆ. ಇದು ಇಡೀ ಉಗ್ರಾಣ ಎಷ್ಟು ತುಂಬಿದೆ, ಎಷ್ಟು ಖಾಲಿಯಿದೆ ಎಂಬುದನ್ನು ಹೇಳುವ ಆಜ್ಞೆ. 240 ಜಿಬಿಯ ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. ಕಾರ್ಯಕಾರಿ ಮಂಡಳಿಯ ಒಬ್ಬರು ಅಲ್ಲಿಯೇ ಇದ್ದರು. “ಜಾಗಾ ಇಲ್ಲಾಂದರ ಆ ಹಳೇ ಹಾಡು ತಗದು ಹಾಕ್ರಿ. ಈಗ ಯಾರು ಕೇಳತಾರ ಅವನ್ನ?” ಎಂದರು.

ನಾನು ಒಪ್ಪಲಿಲ್ಲ, ಆಗಿನ್ನೂ ಧೈರ್ಯವಿತ್ತು. ಡಿಯು ಎಂಬ ಆಜ್ಞೆ ಒಂದೊಂದು ಕಪಾಟು ಎಷ್ಟು ಜಾಗ ನುಂಗಿದೆಯೆಂದು ಬೇರೆ ಬೇರೆ ಲೆಕ್ಕ ಕೊಡುತ್ತದೆ. ಅದರ ಉತ್ತರ ಸಾವಿರಾರು ಸಾಲು ಉದ್ದ. ಆದುದರಿಂದ ಅದನ್ನು ಸಾರ್ಟ್ ಎಂಬ ಆಜ್ಞೆಗೆ ದಾಟಿಸಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಕೊಂಡು, ಅಲ್ಲಿಂದ ಟೇಲ್ ಎಂಬುದಕ್ಕೆ ದಾಟಿಸಿ ಕೊನೆಯ ಹತ್ತು ಸಾಲುಗಳನ್ನಷ್ಟೇ ನೋಡಿದೆ. ನಡುನಡುವೆ ಒಂದು ನಿಂತ ಗೆರೆ ಹಾಕಿದರಾಯಿತು. ಪೈಪ್ ಎಂದು ಇದರ ಹೆಸರು. ಡಗ್ಲಸ್ ಮೆಕಿಲ್‌ರಾಯ್ ಎಂಬವರ ಒತ್ತಾಯದಿಂದ 1973ರಲ್ಲಿ ಯುನಿಕ್ಸಿಗೆ ಸೇರಿತು. ಕಚೇರಿಯಲ್ಲಿ ಒಂದು ಮೇಜಿನ ಟಿಪ್ಪಣಿ ಮುಂದಿನ ಮೇಜಿಗೆ ಹೋಗುವುದಿಲ್ಲವೇ, ಹಾಗೆ. ಇಲ್ಲಿ ಅದು ಕ್ಷಣದಲ್ಲಿ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಹಾಡುಗಳು ಹಿಡಿದಿದ್ದ ಜಾಗ 38 ಜಿಬಿ ಮಾತ್ರ. ಲಾಗ್ ಎಂಬ ಕಪಾಟಿನಲ್ಲಿ, ಅಂದರೆ ಯಂತ್ರ ತನ್ನ ದಿನಚರಿ ಬರೆದಿಡುವ ಕಡೆ, ಒಂದೇ ಕಡತ 180 ಜಿಬಿ! ಕಳ್ಳ ಸಿಕ್ಕನೆಂದು ಆರ್‌ಎಮ್ ಆಜ್ಞೆಯಿಂದ ಅದನ್ನು ಅಳಿಸಿದೆ. ಈ ಆರ್‌ಎಮ್ ಬಹಳ ವಿಧೇಯ. ‘ನಿಜವಾಗಿಯೂ ಅಳಿಸಲೇ?’ ಎಂದು ಸಾಮಾನ್ಯವಾಗಿ ಕೇಳುವುದಿಲ್ಲ, ಕಸದ ಬುಟ್ಟಿಯಲ್ಲಿಯೂ ಇಟ್ಟುಕೊಳ್ಳುವುದಿಲ್ಲ.

ಮತ್ತೆ ಡಿಎಫ್ ನೋಡಿದೆ. ನೂರಕ್ಕೆ ನೂರು! ಡಿಯು ಕೇಳಿದರೆ 180 ಜಿಬಿ ಹೋಗಿದೆಯೆನ್ನುತ್ತದೆ, ಡಿಎಫ್ ಹೋಗಿಲ್ಲವೆನ್ನುತ್ತದೆ. ರಾತ್ರಿ ಒಂದೂವರೆ ಗಂಟೆಯಾಗಿತ್ತು. ಇನ್ನು ಬೇರೆ ದಾರಿಯಿಲ್ಲವೆಂದುಕೊಂಡು ಮತ್ತೊಮ್ಮೆ ಆರ್‌ಎಮ್ ಎಂದು ಬರೆದೆ, ಅದರ ಮುಂದೆ ಹಾಡುಗಳ ಕಪಾಟಿನ ಹೆಸರನ್ನೂ ಬರೆದೆ. ಎಂಟರ್ ಕೀಲಿ ಒತ್ತುವುದೊಂದು ಬಾಕಿ. ಕೈ ಏಳಲಿಲ್ಲ. ಕಾಕುವಿನ ಮಗನಿಗೆ ಫೋನು ಮಾಡಿದೆ.

“ಅಣ್ಣಾ, ಮೊದಲ ಕೀಲಿಮಣಿ ಮ್ಯಾಲಿಂದ ಕೈ ತಗೀರಿ,” ಎಂದ. “ಆ ಹಾಡುಗಳದು ಇನ್ನೊಂದು ಪ್ರತಿ ಎಲ್ಲದರಿ?”

ಎಲ್ಲಿಯೂ ಇಲ್ಲವೆಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಆಮೇಲೆ ಅವನು ತಿಳಿಸಿ ಹೇಳಿದ್ದನ್ನು ನಮ್ಮ ಕಚೇರಿಯ ಮಾತಿನಲ್ಲಿ ಹೇಳುತ್ತೇನೆ. ಆರ್‌ಎಮ್ ಮಾಡುವುದು ಆವಕ ರಜಿಸ್ಟರಿನಲ್ಲಿ ಕಡತದ ಹೆಸರಿಗೆ ಗೀಟು ಹಾಕುವ ಕೆಲಸ. ಕಡತ ಯಾರೋ ಸಾಹೇಬರ ಮೇಜಿನ ಮೇಲೆ ತೆರೆದಿದ್ದರೆ ಅದು ಅಲ್ಲಿಯೇ ಇರುತ್ತದೆ. ಅವರು ಮುಚ್ಚಿ ಕೆಳಗಿಡುವ ತನಕ ಜಾಗ ತೆರವಾಗುವುದಿಲ್ಲ. ಡಿಯು ರಜಿಸ್ಟರು ನೋಡಿ ಲೆಕ್ಕ ಹೇಳುತ್ತದೆ, ಡಿಎಫ್ ಉಗ್ರಾಣ ನೋಡಿ ಹೇಳುತ್ತದೆ. ಎರಡೂ ಸುಳ್ಳು ಹೇಳಿರಲಿಲ್ಲ. ಹಾಗಾದರೆ ಕಡತವನ್ನು ತೆರೆದುಕೊಂಡು ಕೂತ ಸಾಹೇಬರು ಯಾರು? ಅದಕ್ಕೆ ಎಲ್‌ಎಸ್‌ಒಎಫ್ ಎಂಬ ಆಜ್ಞೆ. ಮುಂದೆ ಕೂಡುವ ಚಿಹ್ನೆ, ದೊಡ್ಡ ಎಲ್, ಒಂದು ಎಂದು ಬರೆದರೆ, ಹೆಸರು ಹೋಗಿದ್ದರೂ ತೆರೆದೇ ಇರುವ ಕಡತಗಳನ್ನೂ ಹಿಡಿದುಕೊಂಡವರನ್ನೂ ತೋರಿಸುತ್ತದೆ. ಪುಸ್ತಕ ಒಯ್ದವರಿಗೆ ಚೀಟಿ ಮುದ್ರಿಸಿ ಕೊಡಲೆಂದು ಹಿಂದೊಮ್ಮೆ ಹುಡುಗನೊಬ್ಬ ಬರೆದುಕೊಟ್ಟಿದ್ದ ಪುಟ್ಟ ಕಾರ್ಯಕ್ರಮದ ಹೆಸರು ಅಲ್ಲಿತ್ತು. ಸಿಸ್ಟಮ್‌ಸಿಟಿಎಲ್ ಆಜ್ಞೆಯಿಂದ ಅದನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದೆ. ಡಿಎಫ್ ನೋಡಿದರೆ 25ಕ್ಕೆ ಇಳಿದಿತ್ತು.

ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ನಾಲ್ಕು ದಿನಗಳ ಮೇಲೆ ನೋಡುತ್ತೇನೆ, ಅದೇ ಹೆಸರಿನ ಕಡತ, 30 ಜಿಬಿಗೂ ಮಿಕ್ಕಿ! ಮೊದಲ ಸಲ ಅದನ್ನು ಓದದೆಯೇ ಹರಿದುಹಾಕಿದ್ದೆ. ದೂರು ಏನೆಂದು ನೋಡದೆ ಅರ್ಜಿಯನ್ನು ಹರಿದಂತೆ. ಈ ಸಲ ಟೇಲ್ ಹಾಕಿ ಕೊನೆಯ ಸಾಲುಗಳನ್ನು ಓದಿದೆ. ಎಲ್ಲವೂ ಒಂದೇ ಸಾಲು: ಮುದ್ರಣಯಂತ್ರ ಸಿಗುತ್ತಿಲ್ಲ. ಬೇಕಾದ ಮಾತಿರುವ ಸಾಲುಗಳನ್ನು ಹೆಕ್ಕಿ ಕೊಡುವ ಗ್ರೆಪ್ ಎಂಬ ಆಜ್ಞೆಯಿಂದ ಎಣಿಸಿ ನೋಡಿದರೆ ಸೆಕೆಂಡಿಗೆ ಸಾವಿರದಷ್ಟು! ದಸರೆಗೆ ಮೂರು ವಾರ ಮುಂಚೆ ಸಂಘದ ಹಳೆಯ ಪ್ರಿಂಟರನ್ನು ಒಂದು ಶಾಲೆಗೆ ದಾನ ಕೊಟ್ಟಿದ್ದೆವು. ಸಭೆಯಲ್ಲಿ ಚಪ್ಪಾಳೆಯೂ ಆಗಿತ್ತು. ಆ ಕಾರ್ಯಕ್ರಮಕ್ಕೆ ಮಾತ್ರ ಯಾರೂ ತಿಳಿಸಿರಲಿಲ್ಲ. ಪಾಪ, ಹಗಲಿರುಳು ಹುಡುಕುತ್ತಿತ್ತು. ಹುದ್ದೆ ರದ್ದಾಗಿ ವರ್ಷಗಳಾದರೂ ಅದೇ ಹುದ್ದೆಯ ವಿಳಾಸಕ್ಕೆ ಜ್ಞಾಪನಪತ್ರ ಬರೆಯುವವರನ್ನು ನಾನು ಕಂಡಿರುವುದರಿಂದ ಅದರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದನ್ನು ಕಾಯಂ ನಿಲ್ಲಿಸಿದೆ.

ಈ ಕೆಲಸ ಕಲಿಯುವ ನಮ್ಮ ಮನೆಗಳ ಮಕ್ಕಳಿಗೆ ಒಂದೆರಡು ಮಾತು. ಟಾಪ್, ಪಿಎಸ್ ಎಂಬವು ಯಂತ್ರದಲ್ಲಿ ಯಾರು ಯಾರು ದುಡಿಯುತ್ತಿದ್ದಾರೆಂದು ತೋರಿಸುತ್ತವೆ. ನೋಡುವುದರಿಂದ ಏನೂ ಕೆಡುವುದಿಲ್ಲ. ಕಿಲ್ ಎಂಬುದು ಹೆಸರಿನಷ್ಟು ಕ್ರೂರವಲ್ಲ, ‘ಇನ್ನು ಏಳಪ್ಪಾ’ ಎಂದು ವಿನಯದಿಂದಲೇ ಹೇಳುತ್ತದೆ. ಮುಂದೆ 9 ಎಂದು ಸೇರಿಸಿದರೆ ಮಾತ್ರ ಕತ್ತು ಹಿಡಿದು ನೂಕುವುದೇ ಸರಿ. ಸುಡೊ ಎಂದು ಮೊದಲಿಗೆ ಬರೆದರೆ ಆಜ್ಞೆಗೆ ಸರ್ವಾಧಿಕಾರ ಬರುತ್ತದೆ, ತಪ್ಪು ಆಜ್ಞೆಗೂ ಬರುತ್ತದೆ. ಸಂದೇಹ ಬಂದಾಗ ಮ್ಯಾನ್ ಎಂದು ಬರೆದು ಆಜ್ಞೆಯ ಹೆಸರು ಕೊಟ್ಟರೆ ಕೈಪಿಡಿಯ ಪುಟವೇ ತೆರೆಯುತ್ತದೆ. 1971ರ ಆ ಮೊದಲ ಕೈಪಿಡಿಯಲ್ಲಿ ಆಜ್ಞೆಗಳ ದೋಷಗಳನ್ನು ಬರೆಯಲೆಂದೇ ಬೇರೆ ಶೀರ್ಷಿಕೆಯಿತ್ತು. ನಮ್ಮ ಸುತ್ತೋಲೆಗಳಲ್ಲಿ ಇಂಥದೊಂದನ್ನು ನಾನಿನ್ನೂ ಕಂಡಿಲ್ಲ.

ಈಗ ಪ್ರತಿ ಆದಿತ್ಯವಾರ ಆರ್‌ಸಿಂಕ್ ಎಂಬ ಆಜ್ಞೆಯಿಂದ ಹಾಡುಗಳ ಪ್ರತಿ ಬೇರೊಂದು ಡಿಸ್ಕಿಗೆ ಹೋಗುತ್ತದೆ. ಮೊದಲು ಅಡ್ಡಗೆರೆ ಎನ್ ಎಂದು ಸೇರಿಸುತ್ತೇನೆ. ಆಗ ಅದು ಏನೇನು ಮಾಡಲಿದೆಯೆಂಬುದನ್ನು ಹೇಳುತ್ತದೆಯೇ ಹೊರತು ಮಾಡುವುದಿಲ್ಲ. ಆ ಡಿಸ್ಕು ಖಜಾಂಚಿಯವರ ಮನೆಯ ಕಪಾಟಿನಲ್ಲಿ ಅವರ ಹೆಂಡತಿಯ ರೇಶ್ಮೆ ಸೀರೆಗಳ ನಡುವೆ ಇದೆ.

ದಸರೆಯಂದು ಕಾಕುವಿನ ಅತ್ತೆಯ ಬೀಸುವ ಪದ ಸಭಾಗೃಹದಲ್ಲಿ ಕೇಳಿಬಂದಿತು. ಕಾಕು ಮುಂದಿನ ಸಾಲಿನಲ್ಲಿಯೇ ಕೂತಿದ್ದರು. ಅವರ ಮಗ ನಿದ್ದೆಗೆಟ್ಟ ರಾತ್ರಿಗಳಲ್ಲಿ ಒಂದು ನನ್ನದೆಂದು ನಾನಾಗಲಿ ಅವನಾಗಲಿ ಅವರಿಗೆ ಹೇಳಿಲ್ಲ. ಈ ಸಂಚಿಕೆ ಕೈಸೇರಿದ ದಿನ ಅವರು ನನ್ನನ್ನು ಮೆಟ್ಟಿಲ ಮೇಲೆ ಮತ್ತೆ ತಡೆಯದೆ ಬಿಡುವವರಲ್ಲ. ಪಿಂಚಣಿಯ ವಿಷಯ ಮುಂದಿನ ಸಂಚಿಕೆಯಲ್ಲಿ.