ಥೆಸಲೋನಿಕಿಯ ತಿಂಡಿ ಗೊತ್ತು, ಮತ್ರಾದ ಹಲ್ವ ಗೊತ್ತಿಲ್ಲ!



ರಜೆಯಲ್ಲಿ ಯುರೋಪು ಸುತ್ತಿ ಬರುವುದು ನಮ್ಮ ಸಂಘದ ಹಲವು ಕುಟುಂಬಗಳಿಗೆ ಈಗ ರೂಢಿಯಾಗಿದೆ. ಸಂತೋಷದ ವಿಷಯ. ಹೋದ ಊರಿನಲ್ಲಿ ಗೈಡಿನ ಹಿಂದೆ ಮೂರು ನಾಲ್ಕು ಗಂಟೆ ನಡೆದು, ಅಂಗಡಿ ಅಂಗಡಿಯಲ್ಲಿ ನಿಂತು ಅಲ್ಲಿನ ತಿಂಡಿ ತಿಂದು, ಅದರ ಕಥೆ ಕೇಳಿ, ಯೂರೋ ಎಣಿಸಿ ಕೊಟ್ಟು ಬರುವುದೂ ಈಗಿನ ಪದ್ಧತಿ. ಗ್ರೀಸಿನ ಥೆಸಲೋನಿಕಿ ಇದಕ್ಕೆ ಹೆಸರಾದ ಊರು. 2021ರಲ್ಲಿ ಯುನೆಸ್ಕೊ ಅದನ್ನು ಆಹಾರ ಸಂಸ್ಕೃತಿಯ ನಗರಗಳ ಪಟ್ಟಿಗೆ ಸೇರಿಸಿತು. ಎಳ್ಳು ಮೆತ್ತಿದ ಬಳೆಯಂಥ ಕುಲೂರಿ, ತೆಳು ಪದರಗಳ ನಡುವೆ ಕೆನೆ ತುಂಬಿದ ಬುಗಾತ್ಸಾ ಅಲ್ಲಿನ ವಿಶೇಷ. 1923ರ ಜನ ವಿನಿಮಯದಲ್ಲಿ ತುರ್ಕಿಯಿಂದ ಬಂದ ನಿರಾಶ್ರಿತರ ಕೈರುಚಿ ಆ ಊರಿನ ಅಡಿಗೆಯಲ್ಲಿ ಬೆರೆತಿದೆ ಎಂದು ಗೈಡು ವಿವರಿಸುತ್ತಾನೆ, ನಮ್ಮವರು ತಲೆದೂಗುತ್ತಾರೆ.

ಪಾಠ ಒಳ್ಳೆಯದೇ. ಒಂದು ಊರಿಗೆ ಯಾರು ಬಂದರು, ಎಲ್ಲಿಂದ ಬಂದರು ಎಂಬುದನ್ನು ಅಲ್ಲಿನ ತಿಂಡಿಯೇ ಹೇಳುತ್ತದೆ. ಆದರೆ ನಾವು ಕೇಳುವುದಿಷ್ಟೆ: ಇದೇ ಪಾಠ ರೂವಿಯಿಂದ ಕೆಲವೇ ಕಿಲೋಮೀಟರ್ ದೂರದ ಮತ್ರಾದಲ್ಲಿ ಪುಕ್ಕಟೆ ಸಿಗುತ್ತಿರುವಾಗ ಅದನ್ನು ಕಲಿಯಲು ಇಪ್ಪತ್ತು ವರ್ಷ ಸಾಲದೆ?

ನಮ್ಮಲ್ಲಿ ಹೆಚ್ಚಿನವರಿಗೆ ಮತ್ರಾ ಎಂದರೆ ಕಾರ್ನಿಶ್‌ನಲ್ಲಿ ಫೋಟೊ, ಸೂಕ್‌ನಲ್ಲಿ ಊರಿಗೆ ಒಯ್ಯುವ ಲೋಬಾನ ಮತ್ತು ಅತ್ತರು. ಅಲ್ಲಿಗೆ ಮುಗಿಯಿತು. ಮೀನು ಮಾರುಕಟ್ಟೆಯಲ್ಲಿ 'ಕನಾದ್' ಎಂದು ಕೂಗುವುದು ನಮ್ಮ ಕರಾವಳಿಯ ಅಂಜಲ್ ಮೀನನ್ನೇ. ಸೂಕ್‌ನ ಮಸಾಲೆ ಅಂಗಡಿಯಲ್ಲಿ ಕಪ್ಪು ಗೋಲಿಗಳಂತೆ ಕಾಣುವುದು ಲೂಮಿ, ಅಂದರೆ ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದ ನಿಂಬೆ. ಇರಾನಿನವರು ಅದನ್ನು ಇಂದಿಗೂ 'ಒಮಾನಿ ನಿಂಬೆ' ಎಂದೇ ಕರೆಯುತ್ತಾರೆ. ಒಂದನ್ನು ನಿಮ್ಮ ಬೇಳೆ ಸಾರಿಗೆ ಹಾಕಿ ನೋಡಿ, ಆಮೇಲೆ ಮಾತಾಡೋಣ. ರಖಾಲ್ ಎಂಬ ರೊಟ್ಟಿಯ ಹಿಟ್ಟನ್ನು ಕಾದ ಹೆಂಚಿನ ಮೇಲೆ ಬರಿಗೈಯಲ್ಲಿ ಕಾಗದದಷ್ಟು ತೆಳ್ಳಗೆ ತೀಡುವುದನ್ನು ಕಂಡರೆ ಉತ್ತರ ಕನ್ನಡದವರಿಗೆ ತೆಳ್ಳೇವು ನೆನಪಾಗದೆ ಇರದು. ಏಲಕ್ಕಿ, ತೆಂಗಿನ ಹಾಲು ಹಾಕಿ ಕರಿದ ಮಂದಾಜಿ ನಮ್ಮ ಬನ್ಸಿನ ಹತ್ತಿರದ ನೆಂಟ. 1964ರ ಕ್ರಾಂತಿಯ ನಂತರ ಜಾಂಜಿಬಾರಿನಿಂದ ಮರಳಿದ ಒಮಾನಿಗಳ ಮನೆಗಳಲ್ಲಿ ಅದು ದಿನನಿತ್ಯದ ತಿಂಡಿ. ಗ್ರೀಸಿನ ನಿರಾಶ್ರಿತರ ಕಥೆಗೆ ಕಣ್ಣರಳಿಸಿದವರು ಪಕ್ಕದ ಮನೆಯವರ ಈ ಕಥೆಯನ್ನು ಎಂದಾದರೂ ಕೇಳಿದ್ದೀರಾ?

ಈ ಕಥೆಯಲ್ಲಿ ನಮ್ಮ ನಾಡೂ ಇದೆ. ಕೆಳದಿ ನಾಯಕರ ಕಾಲದಲ್ಲಿ ಬಸ್ರೂರು, ಮಂಗಳೂರುಗಳ ಅಕ್ಕಿ ಹಡಗೇರಿ ಮಸ್ಕತಿಗೆ ಬರುತ್ತಿತ್ತು. ಟಿಪ್ಪು ಸುಲ್ತಾನ 1780ರ ದಶಕದಲ್ಲಿ ಇಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ರೇಷ್ಮೆ ಹುಳುವನ್ನು ಇಲ್ಲಿಂದ ತರಿಸಲು ಪತ್ರ ಬರೆದಿದ್ದ. ಕಾವಾಕ್ಕೆ ಬೀಳುವ ಏಲಕ್ಕಿಯ ತವರು ನಮ್ಮ ಪಶ್ಚಿಮ ಘಟ್ಟ. ನಮಗಿಂತ ಮೊದಲೇ ನಮ್ಮ ಅಕ್ಕಿ ಇಲ್ಲಿಗೆ ಬಂದು ಉಂಡವರ ಮನೆ ಸೇರಿದೆ. ನಾವು ಮಾತ್ರ ಇನ್ನೂ ಹೊಸ್ತಿಲಾಚೆ ನಿಂತಿದ್ದೇವೆ.

"ನಾವು ಸಸ್ಯಾಹಾರಿಗಳು, ಇಲ್ಲಿ ನಮಗೇನಿದೆ?" ಎಂಬುದು ಮೊದಲ ಆಕ್ಷೇಪ. ಶುವಾ, ಮಿಶ್ಕಾಕ್, ಹರೀಸ್ ಮಾಂಸದ ಅಡಿಗೆಗಳು, ನಿಜ. ಬೇಡದವರು ಬಿಡಲಿ. ಆದರೆ ಒಮಾನಿ ಹಲ್ವದಲ್ಲಿ ಇರುವುದು ತುಪ್ಪ, ಸಕ್ಕರೆ, ಪಿಷ್ಟ, ಕೇಸರಿ, ಏಲಕ್ಕಿ, ಗುಲಾಬಿ ನೀರು. ದೊಡ್ಡ ತಾಮ್ರದ ಪಾತ್ರೆಯಲ್ಲಿ ಗಂಟೆಗಟ್ಟಲೆ ತಿರುವಿ ಮಾಡುತ್ತಾರೆ. ಬೇಯಿಸಿದ ಕಡಲೆಯ ದಂಗೊ ನಮ್ಮ ಉಸಲಿಯೇ. ಖರ್ಜೂರಕ್ಕೆ ಯಾವ ಮಡಿ ಅಡ್ಡ ಬರುತ್ತದೆ? "ಬಿಸಿಲು" ಎನ್ನುವವರಿಗೆ ಡಿಸೆಂಬರ್ ಇದೆ. "ದುಡಿಯಲು ಬಂದವರು ನಾವು" ಎನ್ನುವವರಿಗೆ ನಮ್ಮ ಉತ್ತರ: ದುಡಿಯಲು ಬಂದವನೂ ಎಲ್ಲೋ ಒಂದು ಕಡೆ ಉಣ್ಣಲೇಬೇಕಲ್ಲ!

ಇದು ನಾಲಿಗೆ ಚಪಲದ ಮಾತಲ್ಲ. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಕನ್ನಡ ಕಲಿಯದ, ಮುದ್ದೆಯನ್ನು ಮುಟ್ಟದ, ಜೋಳದ ರೊಟ್ಟಿಯ ಹೆಸರೂ ಗೊತ್ತಿಲ್ಲದವರನ್ನು ನಾವು ಏನೆನ್ನುತ್ತೇವೆ? ರಾಜ್ಯೋತ್ಸವದ ವೇದಿಕೆಯಿಂದ ಎಷ್ಟು ಬಾರಿ ಅವರನ್ನು ಝಾಡಿಸಿಲ್ಲ! ಆ ಮಾತು ನ್ಯಾಯವಾದರೆ ಅದೇ ತಕ್ಕಡಿಯಲ್ಲಿ ನಮ್ಮನ್ನೂ ತೂಗಬೇಕು. ಅನ್ನ ಕೊಟ್ಟ ನಾಡಿನ ಅನ್ನದ ರುಚಿ ನೋಡದವನಿಗೆ ತನ್ನ ನಾಡಿನಲ್ಲಿ ಅಭಿಮಾನ ಬೇಡುವ ಹಕ್ಕು ಎಲ್ಲಿಂದ ಬರುತ್ತದೆ? ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ನಾಳೆ ಕಾಲೇಜಿಗೆಂದು ಊರಿಗೆ ಹೋದಾಗ "ಒಮಾನಿನಲ್ಲಿ ಏನು ತಿನ್ನುತ್ತಾರೆ?" ಎಂದು ಗೆಳೆಯರು ಕೇಳಿದರೆ, "ಗೋಬಿ ಮಂಚೂರಿ" ಎನ್ನಬೇಕೆ? ನಮ್ಮ ಆಹಾರ ಮೇಳಗಳನ್ನು ನೋಡಿದರೆ ಅದಕ್ಕಿಂತ ಬೇರೆ ಉತ್ತರ ಅವರಿಗೆ ಹೊಳೆಯಲಾರದು.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನಮ್ಮ ಒತ್ತಾಯ: ಈ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಮತ್ರಾ ನಡಿಗೆ ಏರ್ಪಡಿಸಿ. ಮೀನು ಮಾರುಕಟ್ಟೆಯಿಂದ ಹೊರಟು ಕಾರ್ನಿಶ್ ಹಿಡಿದು ಸೂಕ್ ಹೊಕ್ಕು, ಹಲ್ವದ ಅಂಗಡಿಯಲ್ಲಿ ಮುಗಿಸಿ. ಬಸ್ಸು, ಬ್ಯಾನರು, ಭಾಷಣ ಬೇಡ. ಸದಸ್ಯರು ತಮ್ಮ ಒಮಾನಿ ಸಹೋದ್ಯೋಗಿಗಳಲ್ಲಿ ಒಬ್ಬಿಬ್ಬರನ್ನು ಕುಟುಂಬ ಸಮೇತ ಕರೆಯಲಿ. ಅವರಿಗಿಂತ ಒಳ್ಳೆಯ ಗೈಡು ಸಿಗುವುದಿಲ್ಲ. ಮುಂದಿನ ಮೇಳದಲ್ಲಿ ಚುರುಮುರಿಯ ಪಕ್ಕದಲ್ಲೇ ರಖಾಲ್ ರೊಟ್ಟಿಗೂ ಒಂದು ಮೇಜು ಇರಲಿ.

ಕಾವಾ ಸಾಕಾದಾಗ ಬಟ್ಟಲನ್ನು ಅತ್ತಿತ್ತ ಅಲುಗಿಸುವುದು ಇಲ್ಲಿನ ಕ್ರಮ. ಅಲುಗಿಸದಿದ್ದರೆ ಮತ್ತೆ ಸುರಿಯುತ್ತಲೇ ಇರುತ್ತಾರೆ. ನಮ್ಮಲ್ಲಿ ಹಲವರು ಒಂದು ಗುಟುಕೂ ಕುಡಿಯದೆ ಬಟ್ಟಲು ಅಲುಗಿಸುತ್ತಿದ್ದಾರೆ. ಮೊದಲು ಕುಡಿಯಿರಿ, ಬಂಧುಗಳೇ. ಸಾಕು ಎನ್ನುವುದು ಆಮೇಲೆ.