ಅಂಕಿ ಆರಿಸುವ ಕೆಲಸ ಮಕ್ಕಳಿಗೂ ಇರಲಿ

ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೇ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಘಟಕ ತೆಗೆದುಕೊಂಡಿದ್ದೆ. ವಿದ್ಯುತ್ ಸ್ಕೂಟರ್ ಒಂದು ಚಾರ್ಜಿಗೆ ಎಷ್ಟು ದೂರ ಹೋಗಬಹುದೆಂದು ಸ್ಪ್ರೆಡ್‌ಶೀಟಿನಲ್ಲಿ ತೋರಿಸುವ ಸಿಮ್ಯುಲೇಶನ್ ನನ್ನ ಪಾಠಯೋಜನೆಯಲ್ಲಿತ್ತು. ನಿಯತಾಂಕಗಳನ್ನೆಲ್ಲ ನಾನೇ ತುಂಬಿದ್ದೆ. ಸವಾರನೂ ಸೇರಿ ರಾಶಿ 180 ಕೆ.ಜಿ., ಉರುಳು ಘರ್ಷಣೆಯ ಗುಣಾಂಕ 0.015, ಗಾಳಿ ಎಳೆತದ ಗುಣಾಂಕ ಮತ್ತು ಮುಂಭಾಗದ ವಿಸ್ತೀರ್ಣಗಳ ಗುಣಲಬ್ಧ 0.6 ಚದರ ಮೀಟರ್, ವೇಗ ಗಂಟೆಗೆ 36 ಕಿ.ಮೀ., ಬ್ಯಾಟರಿ 3 ಕಿಲೋವ್ಯಾಟ್-ಗಂಟೆ, ದಕ್ಷತೆ ಶೇ. 80. ಗಾಳಿಯ ತಡೆ 36 ನ್ಯೂಟನ್, ಉರುಳು ಘರ್ಷಣೆ ಸುಮಾರು 26 ನ್ಯೂಟನ್. ದೂರ ಸುಮಾರು 138 ಕಿ.ಮೀ. ಎಂದು ಬಂತು. ಪಾಠ ಗೆದ್ದಿತೆಂದುಕೊಂಡೆ.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಇದ್ರಲ್ಲಿ ಏರು ಎಲ್ಲಿದೆ? ಅಪ್ಪ ಅಮ್ಮನ್ನೂ ಕೂರಿಸ್ಕೊಂಡು ಹೋಗ್ತಾರಲ್ಲ?” ಅವರ ಮನೆಯಲ್ಲಿ ಸಾಲ ಮಾಡಿ ಅಂಥ ಸ್ಕೂಟರ್ ಕೊಳ್ಳುವ ಮಾತು ನಡೆದಿತ್ತು. ನನ್ನ 138, ಟೀಚರ್ ಹೇಳಿದ ಲೆಕ್ಕವಾಗಿ ಅಂದು ಸಂಜೆ ಆ ಮನೆ ಸೇರುತ್ತಿತ್ತು.

ರಾಶಿಯನ್ನು 240 ಕೆ.ಜಿ. ಮಾಡಿ, 100 ಮೀಟರಿಗೆ 5 ಮೀಟರ್ ಏರು ಸೇರಿಸಿದೆವು. ಬೇಕಾದ ಬಲ 62ರಿಂದ 189 ನ್ಯೂಟನ್ನಿಗೆ ಏರಿತು. ದಾರಿಯುದ್ದಕ್ಕೂ ಏರೇ ಇರುವುದಿಲ್ಲ, ನಿಜ. ಆದರೆ ಏರಿನಲ್ಲಿ ಪ್ರತಿ ಕಿಲೋಮೀಟರಿನ ಖರ್ಚು ಮೂರು ಪಟ್ಟು. ಇನ್ನೊಬ್ಬ ಹುಡುಗ ಮೊದಲಿನ ಲೆಕ್ಕದಲ್ಲೇ ವೇಗವನ್ನು 72ಕ್ಕೆ ಏರಿಸಿದ. ಗಾಳಿಯ ತಡೆ ನಾಲ್ಕು ಪಟ್ಟಾಗಿ, ದೂರ ಸುಮಾರು 50 ಕಿ.ಮೀ.ಗೆ ಇಳಿಯಿತು. ಸೂತ್ರ ಯಾವುದೂ ಬದಲಾಗಿರಲಿಲ್ಲ, ಬದಲಾದದ್ದು ನಾವು ಆರಿಸಿದ ಅಂಕಿಗಳು. ಜಾಹೀರಾತಿನ ದೂರವೂ ನಿಗದಿತ ಪರೀಕ್ಷಾ ಸ್ಥಿತಿಯಲ್ಲಿ ಅಳೆದದ್ದೇ ಎಂಬುದು ಮಕ್ಕಳಿಗೆ ಆಗ ತಾನಾಗಿ ಹೊಳೆಯಿತು.

ನಾವು ಪ್ರಶಿಕ್ಷಣಾರ್ಥಿಗಳು ದತ್ತಾಂಶವನ್ನೆಲ್ಲ ಕೊಟ್ಟು, ಬೆಲೆ ತುಂಬುವುದನ್ನಷ್ಟೇ ಮಕ್ಕಳಿಗೆ ಬಿಡುತ್ತೇವೆ. ಆದರೆ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂದು ತೀರ್ಮಾನಿಸುವುದೂ ಭೌತಶಾಸ್ತ್ರವೇ ಎಂಬುದು ನನ್ನ ಅಭಿಪ್ರಾಯ.

40 ನಿಮಿಷದ ಅವಧಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪ ಸರಿಯಾದದ್ದೇ. ಅಂದು ನನ್ನ ಪಾಠವೂ ಮುಗಿಯಲಿಲ್ಲ. ವೀಕ್ಷಣಾ ನಮೂನೆಯಲ್ಲಿ ‘ಅವಧಿ ಮೀರಿದೆ’ ಎಂಬ ಷರಾ ಬಂತು. ಎಲ್ಲವನ್ನೂ ಮಕ್ಕಳಿಗೇ ಬಿಟ್ಟರೆ ತರಗತಿ ಗೊಂದಲವಾಗುವುದೂ ಖಚಿತ. ಅದಕ್ಕೆ ಗುಣಾಂಕಗಳನ್ನು ಶಿಕ್ಷಕರೇ ಕೊಡಲಿ. ರಾಶಿ, ವೇಗ, ಏರು, ಈ ಮೂರನ್ನು ಮಕ್ಕಳು ತಮ್ಮ ಊರಿನ ರಸ್ತೆ ನೋಡಿ ಆರಿಸಲಿ, ಕಾರಣವನ್ನು ಒಂದೊಂದು ಸಾಲಿನಲ್ಲಿ ಬರೆಯಲಿ. ಹಿಂದಿನ ದಿನದ ಮನೆಗೆಲಸವಾಗಿ ಕೊಟ್ಟರೆ ಅವಧಿಯೂ ಉಳಿಯುತ್ತದೆ.

ಮಾರ್ಗದರ್ಶಕರಲ್ಲಿ ಒಂದು ವಿನಂತಿ. ವೀಕ್ಷಣಾ ನಮೂನೆಯಲ್ಲಿ ಕಪ್ಪುಹಲಗೆಯ ಬಳಕೆಗೆ ಅಂಕವಿದೆ, ಸಮಯಪಾಲನೆಗೂ ಇದೆ. ‘ದತ್ತಾಂಶವನ್ನು ಪ್ರಶ್ನಿಸಲು ಮಕ್ಕಳಿಗೆ ಅವಕಾಶ ಸಿಕ್ಕಿತೇ?’ ಎಂಬ ಒಂದು ಸಾಲೂ ಅಲ್ಲಿರಲಿ. ನನ್ನ ತಪ್ಪನ್ನು ಅಂದು ಒಬ್ಬ ಹುಡುಗಿ ಹಿಡಿದಳು. ಅವಳು ಕೇಳದೇ ಇದ್ದಿದ್ದರೆ ಆ ಪಾಠಕ್ಕೆ ನನಗೆ ಪೂರ್ಣ ಅಂಕ ಬರುತ್ತಿತ್ತೇನೋ.